ನಾಲ್ಕನೆಯ ಹಾರ್ನು

ಅವತ್ತು ಕೆರೆ ಕಟ್ಟೆಯ ತುದಿಯಲ್ಲಿ ನಾಲ್ಕನೆಯ ಹಾರ್ನು ಹೊಡೆದದ್ದು ಮುನಿರಾಜು ಅಲ್ಲ. ನಾನು.

ಇಷ್ಟು ಹೇಳಲು ನನಗೆ ಎಂಟು ವರ್ಷ ಹಿಡಿಯಿತು. ಆ ಹಾರ್ನು ಹೊಡೆದದ್ದು ದೆವ್ವ ಅಂತ ಬಾಗಲೂರು ಕಡೆಯವರೆಲ್ಲ ನಂಬಿದ್ದಾರೆ. ಕಟ್ಟೆಯ ತುದಿಯಲ್ಲಿ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದ್ದಾರೆ. ಲಾರಿಯವರು ಅಲ್ಲಿಗೆ ಬಂದಾಗ ಒಂದು ಸಲ ಹಾರ್ನ್ ಹೊಡೆದೇ ಮುಂದೆ ಹೋಗುತ್ತಾರೆ. ಹೊಡೆಯದೆ ಹೋದವನ ಟೈರು ಮುಂದಿನ ಊರು ಮುಟ್ಟುವುದಿಲ್ಲವಂತೆ. ಲಾರಿಯವರು ನಂಬಿದರೆ ನಂಬಲಿ. ಮುನಿರಾಜುವಿನ ತಾಯಿ ಪಿಳ್ಳಮ್ಮನೂ ನಂಬಿದ್ದಾಳೆ. ಆಯಮ್ಮ ನಂಬಿರುವುದನ್ನು — ಇನ್ನು ಮೇಲೆ ನಾನು ಪಕ್ಕದಲ್ಲಿ ನಿಂತು ನೋಡಲಾರೆ.

ನನ್ನ ಹೆಸರು ಕೆಂಪ. ಹೆಬ್ಬಾಳದವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನಡೆದದ್ದು ಹೇಳುತ್ತೇನೆ.

ಯಶವಂತಪುರದಲ್ಲಿ ಖಾದರಣ್ಣನದು ಮೋಟರ್ ಸೈಕಲ್ ರಿಪೇರಿಯ ಶೆಡ್ಡು. ಯುದ್ಧದ ಕಾಲದಲ್ಲಿ ಅವನು ಮಿಲಿಟರಿಯಲ್ಲಿ ಬೈಕಿನ ಮೇಲೆ ಟಪಾಲು ಸಾಗಿಸುತ್ತಿದ್ದ. ನಾನೂ ಗೋವಿಂದನೂ ಅವನ ಹತ್ತಿರ ಕೆಲಸಕ್ಕಿದ್ದೆವು. ಮುನಿರಾಜು ರಿಪೇರಿಗೆ ಅಂತ ಬಂದು ಗೆಳೆಯನಾದವನು. ತಣಿಸಂದ್ರದಲ್ಲಿ ಅವರದು ಸಣ್ಣ ದ್ರಾಕ್ಷಿ ತೋಟ. ಅಪ್ಪ ಇರಲಿಲ್ಲ, ತಾಯಿಗೆ ಇವನೊಬ್ಬನೇ. ಮಿಲಿಟರಿ ಹರಾಜಿನ ಹಳೆ ಸಾಮಾನು ಕೂಡಿಹಾಕಿ ತಾನೇ ಒಂದು ಬೈಕು ಕಟ್ಟಿಕೊಂಡಿದ್ದ. ಮುಂದಿನ ಚಕ್ರ ಒಂದು ಬೈಕಿನದು, ಹಿಂದಿನದು ಇನ್ನೊಂದರದು. ಅದರ ಚೈನು ಹಳ್ಳ ಕಂಡಲ್ಲೆಲ್ಲ ಕಳಚಿ ಬೀಳುತ್ತಿತ್ತು.

ಪ್ರತಿ ವರ್ಷ ಆಯುಧ ಪೂಜೆಯ ಮಾರನೆಯ ದಿನ ಶೆಡ್ಡಿಗೆ ರಜೆ. ನಾವು ನಾಲ್ವರೂ ನಾಲ್ಕು ಬೈಕಿನಲ್ಲಿ ಟಾರ್ಪಾಲು, ಪಾತ್ರೆ, ಅಕ್ಕಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಯಾವುದಾದರೂ ಬಂಡೆಯ ಮೇಲೋ ಕೆರೆಯ ಅಂಚಿನಲ್ಲೋ ಒಂದು ರಾತ್ರಿ ಇದ್ದು, ಅಲ್ಲೇ ಅನ್ನ ಬೇಯಿಸಿಕೊಂಡು ತಿಂದು ಬರುವುದು.

ಖಾದರಣ್ಣನ ಸವಾರಿಗೆ ಮಿಲಿಟರಿ ಕಾನೂನು. ಒಬ್ಬರ ಹಿಂದೆ ಒಬ್ಬರು, ನಡುವೆ ದೂರ ಬಿಟ್ಟು ಹೋಗಬೇಕು. ಹಿಂದೆ ತಿರುಗಿ ನೋಡುತ್ತಾ ಓಡಿಸಬಾರದು — ಕಟ್ಟೆಯ ಮೇಲೆ ಹಿಂದೆ ನೋಡಿದವನು ಗದ್ದೆಗೆ ಬೀಳುತ್ತಾನೆ. ಕಟ್ಟೆ ಮುಗಿಯುವಲ್ಲಿ, ರಸ್ತೆ ತಿರುಗುವಲ್ಲಿ, ಮುಂದಿನವನು ನಿಂತು ಇಂಜಿನ್ ಆಫ್ ಮಾಡಿ ಒಂದು ಹಾರ್ನ್ ಹೊಡೆಯಬೇಕು. ಆಮೇಲೆ ಎರಡನೆಯವನು, ಮೂರನೆಯವನು, ಕಡೆಯವನು. ಯಾರ ಹಾರ್ನ್ ಕೇಳಲಿಲ್ಲವೋ ಅವನಿರುವ ಕಡೆಗೆ ಎಲ್ಲರೂ ವಾಪಸ್ ಹೋಗಬೇಕು.

"ಒಬ್ಬನ್ನ ಬಿಟ್ಟು ಮುಂದಕ್ಕೆ ಹೋಗೋದಾದ್ರೆ ನನ್ ಜೊತೆ ಬರ್ಬೇಡಿ," ಅನ್ನುತ್ತಿದ್ದ ಖಾದರಣ್ಣ. "ಬಸ್ಸಲ್ಲಿ ಹೋಗ್ರೋ. ಬಸ್ಸಲ್ಲಿ ಯಾರೂ ಯಾರನ್ನೂ ಕೇಳಲ್ಲ."

ಎಲ್ಲರದೂ ಕೈಯಲ್ಲಿ ಹಿಂಡುವ ರಬ್ಬರಿನ ಹಾರ್ನೇ. ಮುನಿಯ ಹಾರ್ನಿನ ರಬ್ಬರು ಹರಿದಿತ್ತು. ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದ. ಅದರ ಸದ್ದು ಶುರುವಾಗಿ, ನಡುವೆ ಮುರಿದು, ಗಾಳಿಯಾಗಿ ಮುಗಿಯುತ್ತಿತ್ತು. ನೆಗಡಿಯಾದ ಮೇಕೆಯ ಹಾಗೆ.

"ಮಗಾ, ನಿನ್ ಹಾರ್ನ್ ಕೇಳಿದ್ರೆ ಕಟುಕ್ರು ಕತ್ತಿ ಹಿಡ್ಕೊಂಡ್ ಬರ್ತಾರೆ ಕಣೋ," ಅಂತ ಗೋವಿಂದ ರೇಗಿಸುತ್ತಿದ್ದ.

"ಬರ್ಲಿ ಬಿಡು, ನಿನ್ನೇ ತೋರಿಸ್ತೀನಿ. ನನ್ಗಿಂತ ದಪ್ಪಕ್ಕಿದೀಯ."

ನಾನು ಆ ಸದ್ದನ್ನು ಕಲಿತಿದ್ದೆ. ನನ್ನ ಹಾರ್ನಿನ ಬಾಯಿಗೆ ಅಂಗೈ ಮುಚ್ಚಿ, ರಬ್ಬರನ್ನು ಅರ್ಧ ಹಿಂಡಿ, ತಡೆದು, ಬಿಡಬೇಕು. ಥೇಟ್ ಮುನಿಯದೇ. ಶೆಡ್ಡಿನ ಹೊರಗೆ ನಿಂತು ಹೊಡೆದರೆ ಒಳಗಿನವರು "ಮುನಿ ಬಂದ" ಅಂತ ಎದ್ದು ಬರುತ್ತಿದ್ದರು. ಒಂದು ಸಲ ಮುನಿ ಒಳಗೇ ಇದ್ದ. ಹೊರಗೆ ನಾನು ಹೊಡೆದೆ. ಅವನು ಬಾಗಿಲಿಗೆ ಬಂದು ನನ್ನ ಕಡೆ ನೋಡಿದ.

"ಲೋ, ನಾನ್ ಒಳಗಡೆ ಇದೀನಿ. ಹೊರಗಡೆ ಬಂದೋನ್ ಯಾರೋ?"

ಎಲ್ಲರೂ ನಕ್ಕೆವು. ಮುನಿಯೂ ನಕ್ಕ. ಆದರೆ ಸ್ವಲ್ಪ ತಡವಾಗಿ ನಕ್ಕ.

ಆ ವರ್ಷ ಬಾಗಲೂರಿನ ಆಚೆ ಒಂದು ಬಂಡೆಗೆ ಹೋಗುವುದು ಅಂತಾಗಿತ್ತು. ಮುಂದೆ ಖಾದರಣ್ಣ, ಅವನ ಹಿಂದೆ ಗೋವಿಂದ, ಆಮೇಲೆ ನಾನು, ಕಡೆಗೆ ಮುನಿ. ಹೊರಟಾಗ ಚುರುಕು ಬಿಸಿಲು. ಹೆಬ್ಬಾಳ ದಾಟುವಷ್ಟರಲ್ಲಿ ತುಂತುರು. ಯಲಹಂಕದಲ್ಲಿ ಟೀ ಕುಡಿಯುವಾಗ ಬಿಸಿಲೂ ಮಳೆಯೂ ಒಟ್ಟಿಗೇ.

"ಕಾಗೆಗೂ ನರಿಗೂ ಮದ್ವೆ ಇವತ್ತು," ಅಂದ ಗೋವಿಂದ. "ಊಟಕ್ಕೆ ಅಲ್ಲೇ ಹೋಗಣ."

ಮುನಿಯ ಚೈನು ಯಲಹಂಕ ರೈಲು ಗೇಟಿನ ಹತ್ತಿರ ಬಿತ್ತು. ಆಚೆ ಹೋದ ಮೇಲೆ ಇನ್ನೊಂದು ಸಲ ಬಿತ್ತು. ಮತ್ತೆ ಬಿತ್ತು. ಪ್ರತಿ ಸಲವೂ ಅವನ ಹಾರ್ನ್ ಕೇಳಿಸದೆ ಎಲ್ಲರೂ ವಾಪಸ್. ಪ್ರತಿ ಸಲವೂ ನಾನೇ ಬಗ್ಗಿ ಚೈನು ಹಿಡಿಯಬೇಕು. ಕೈಯೆಲ್ಲ ಗ್ರೀಸು, ಬೆನ್ನೆಲ್ಲ ನೀರು.

"ಇನ್ನೊಂದ್ಸಲ ಬಿದ್ರೆ ನೀನೇ ತಳ್ಕೊಂಡ್ ಬಾ. ನಾನ್ ನಿಲ್ಲಲ್ಲ," ಅಂದೆ.

ಅವನು ಚೈನಿನಿಂದ ತಲೆ ಎತ್ತಲಿಲ್ಲ. "ನಿಲ್ದೆ ಎಲ್ಲೋಗ್ತೀಯೋ? ನನ್ ಮೇಕೆ ಕೂಗ್ದಿದ್ರೆ ಖಾದರಣ್ಣ ಬಿಡ್ತಾನಾ?"

ಈಗ ಕೆರೆಯ ಜಾಗ ಹೇಳಬೇಕು. ಇದು ಗೊತ್ತಾಗದಿದ್ದರೆ ನಾನು ಮಾಡಿದ್ದೇನು ಅಂತ ಗೊತ್ತಾಗುವುದಿಲ್ಲ. ನಾವು ಬರುವ ದಾರಿಯಲ್ಲಿ ಮೊದಲು ಕೋಡಿ — ಕೆರೆ ತುಂಬಿದರೆ ನೀರು ಹೊರಕ್ಕೆ ಹರಿಯುವ, ಕಲ್ಲು ಹಾಸಿದ ತಗ್ಗು. ರಸ್ತೆ ಆ ಕಲ್ಲಿನ ಮೇಲೇ ಹಾದು ಕಟ್ಟೆ ಹತ್ತುತ್ತದೆ. ಕಟ್ಟೆಯ ಬಲಕ್ಕೆ ನೀರು, ಎಡಕ್ಕೆ ಕೆಳಗೆ ಗದ್ದೆ. ಕಟ್ಟೆ ಮುಗಿದ ಮೇಲೆ ರಸ್ತೆ ಬಲಕ್ಕೆ ತಿರುಗಿ ನೀರಿನ ಅಂಚು ಹಿಡಿದು ಹೋಗಿ, ಒಂದು ತಿರುವಿನಲ್ಲಿ ಕೆರೆ ಬಿಟ್ಟು ಬಂಡೆಯ ಕಡೆ ಹೋಗುತ್ತದೆ. ಆ ತಿರುವಿನಲ್ಲಿ ನಿಂತರೆ ಕೋಡಿ ಬಲಗಡೆ, ನೀರಿನ ಆಚೆ, ನೇರ ಎದುರಿಗೆ.

ಕೋಡಿ ದಾಟುವಾಗ ಕೆರೆ ಅಂಚಿನವರೆಗೆ ತುಂಬಿತ್ತು, ಇನ್ನೂ ಹರಿಯುತ್ತಿರಲಿಲ್ಲ. ಕಲ್ಲಿನ ಮೇಲೆ ಪಾಚಿ. ನಾನು ಎರಡೂ ಕಾಲು ಊರಿಕೊಂಡು ದಾಟಿದೆ. ಕಟ್ಟೆ ಹತ್ತಿದೆ ಅಷ್ಟೆ, ಮಳೆ ಗೋಡೆ ಬಿದ್ದ ಹಾಗೆ ಬಿತ್ತು. ಮಧ್ಯಾಹ್ನ ಇಳಿಯುವ ಹೊತ್ತು ಅಷ್ಟೆ, ಆದರೆ ಮುಂದಿನ ಗೋವಿಂದ ಕಾಣಿಸಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಅಂತಲೂ ಕಾಣಿಸಲಿಲ್ಲ. ಬೂದಿ ಬಣ್ಣದೊಳಗೆ ಒಬ್ಬನೇ ಹೋಗುತ್ತಿದ್ದ ಹಾಗೆ.

ಕಟ್ಟೆಯ ತುದಿಯಲ್ಲಿ ಖಾದರಣ್ಣನ ಹಾರ್ನ್ ಕೇಳಿತು. ನಿಂತೆ. ಗೋವಿಂದನದು ಕೇಳಿತು. ನನ್ನದು ಹೊಡೆದೆ.

ಹಿಂದಿನಿಂದ ಏನೂ ಬರಲಿಲ್ಲ.

ಕಾದೆ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಚೈನು ಬಿದ್ದಿದೆ ಅಂದುಕೊಂಡೆ. ಈ ಮಳೆಯಲ್ಲಿ, ಈ ಕೆಸರಿನಲ್ಲಿ, ಮತ್ತೆ ವಾಪಸ್ — ಮತ್ತೆ ನಾನೇ ಬಗ್ಗಬೇಕು. ಭಯ ಅಲ್ಲ. ಭಯ ಅಂದರೆ ಈಗ ಹೇಳಲು ಸುಲಭವಾಗುತ್ತಿತ್ತು. ಬರೀ ಬೇಸರ. ಚಳಿ, ಹಸಿವು, ಬೇಸರ. ಹೇಗೂ ಬರುತ್ತಾನೆ, ತಳ್ಳಿಕೊಂಡು ಬರಲಿ —

ಹಾರ್ನಿನ ಬಾಯಿಗೆ ಅಂಗೈ ಇಟ್ಟೆ. ಅರ್ಧ ಹಿಂಡಿ, ತಡೆದು, ಬಿಟ್ಟೆ.

ಮುಂದೆ ಖಾದರಣ್ಣನ ಇಂಜಿನ್ ಸ್ಟಾರ್ಟ್ ಆಯಿತು.

ತಿರುವಿಗೆ ಬರುವ ಹೊತ್ತಿಗೆ ಮಳೆ ಕಡಿಮೆಯಾಗಿತ್ತು. ಖಾದರಣ್ಣ ಹೊಡೆದ. ಗೋವಿಂದ ಹೊಡೆದ. ನಾನು ಹೊಡೆದೆ. ಮುನಿಯದನ್ನೂ ಹೊಡೆಯಲು ಅಂಗೈ ಮುಚ್ಚಿದೆ. ಒಂದು ಸಲ ಮಾಡಿದ ಮೇಲೆ ಎರಡನೆಯದು ಕಷ್ಟವಿರಲಿಲ್ಲ.

ನಾನು ಹಿಂಡುವ ಮೊದಲೇ ಅದು ಕೇಳಿತು.

ಶುರುವಾಗಿ, ನಡುವೆ ಮುರಿದು, ಗಾಳಿಯಾಗಿ ಮುಗಿಯಿತು. ನನ್ನ ಕೈ ರಬ್ಬರಿನ ಮೇಲಿತ್ತು, ರಬ್ಬರು ಉಬ್ಬಿಕೊಂಡೇ ಇತ್ತು. ನಾನು ಹೊಡೆದಿರಲಿಲ್ಲ. ಇನ್ನೊಂದು ಸಲ ಕೇಳಿತು.

"ಮೇಕೆ ಬಂತು ಕಣೋ!" ಅಂತ ಮುಂದಿನಿಂದ ಗೋವಿಂದ ಕೂಗಿದ.

ಬಂದನಲ್ಲ ಅಂತ ನನಗೂ ಹಗುರಾಯಿತು. ಆದರೆ ಸದ್ದು ನನ್ನ ಬೆನ್ನ ಹಿಂದಿನಿಂದ ಬಂದಿರಲಿಲ್ಲ. ಬಲಗಡೆಯಿಂದ ಬಂದಿತ್ತು. ಬಲಗಡೆ ಇದ್ದದ್ದು ಬರೀ ನೀರು. ಅದನ್ನು ನಾನು ಆಗಲೇ ಗಮನಿಸಿದೆ. ಗಮನಿಸಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು.

ಬಂಡೆಯ ಹತ್ತಿರ ಹೋಗಿ ಟಾರ್ಪಾಲು ಕಟ್ಟಿದೆವು. ಮಳೆ ಬಂದ ಹಾಗೇ ಹೋಗಿಬಿಟ್ಟಿತು. ಮೋಡದ ಕೆಳಗಿನಿಂದ ಸಂಜೆ ಬಿಸಿಲು ಬಂದು ಬಂಡೆಯೆಲ್ಲ ಹಳದಿ, ನಮ್ಮ ಮುಖವೆಲ್ಲ ಹಳದಿ. ಬಂಡೆಯಿಂದ ಹಬೆ ಏಳುತ್ತಿತ್ತು. ಒಂದು ಹಕ್ಕಿಯೂ ಕೂಗಲಿಲ್ಲ. ಮುನಿ ಬರಲಿಲ್ಲ.

ಆಗ ಹಾರ್ನ್ ಕೇಳಿತು. ಸಣ್ಣಗೆ. ಬಂಡೆಯ ಈ ಮಗ್ಗುಲಿನಿಂದ ಬಂದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು, ಆ ಮಗ್ಗುಲಿನಿಂದ ಬಂದ ಹಾಗೆ.

"ಬೇಕಂತ ಆಟ ಆಡ್ತಾ ಅವ್ನೆ," ಅಂದ ಗೋವಿಂದ. "ಲೋ ಮುನೀ! ಅನ್ನಕ್ಕೆ ಇಟ್ಟಿದೀವಿ, ಬಾರೋ! ಸೌದೆ ತರೋ ಕೆಲ್ಸ ತಪ್ಪಿಸ್ಕೊಳಕ್ಕೆ ಅಡಗ್ಕೊಂಡಿದೀಯಾ?"

ಅವನ ಕೂಗು ಬಂಡೆಗೆ ಬಡಿದು ವಾಪಸ್ ಬಂತು. ಖಾದರಣ್ಣ ನಗಲಿಲ್ಲ. ನನ್ನ ಹತ್ತಿರ ಬಂದು ನಿಂತ.

"ಕೆಂಪಾ, ಅವನ ಮುಂದೆ ಇದ್ದೋನು ನೀನು. ಕಟ್ಟೆ ತುದೀಲಿ ಹೊಡ್ದಿದ್ದು ಅವನೇ ತಾನೆ?"

ಇದೊಂದು ಪ್ರಶ್ನೆ. ಮುನಿ ಸಾಯದೆ ಇರಲು ಇದೊಂದು ದಾರಿ ಇತ್ತು. ಇಲ್ಲ ಅಣ್ಣ, ನಾನು ಹೊಡೆದೆ, ಅವನು ಕಟ್ಟೆಗೇ ಬಂದಿಲ್ಲ ಅನಿಸುತ್ತದೆ ಅಂದಿದ್ದರೆ ಸಾಕಿತ್ತು. ಅವನು ಒಂದು ಏಟು ಹೊಡೆಯುತ್ತಿದ್ದ. ಗೋವಿಂದ ವರ್ಷವಿಡೀ ಆಡಿಕೊಳ್ಳುತ್ತಿದ್ದ. ಅಷ್ಟೇ.

"ಅವ್ನೇ ಖಾದರಣ್ಣ," ಅಂದೆ.

"ಸರಿ. ತಿರುವಲ್ಲೂ ಹೊಡ್ದ. ಅಂದ್ರೆ ತಿರುವಿಂದ ಈಚೆಗೇ ಎಲ್ಲೋ ಬಿದ್ದಿದಾನೆ. ನಡೀರಿ."

ತಿರುವಿನಿಂದ ಬಂಡೆಯವರೆಗೆ ಹುಡುಕಿದೆವು. ರಾಗಿ ಹೊಲಕ್ಕೆ ಇಳಿದು ನೋಡಿದೆವು. ಲಂಟಾನ ಪೊದೆ ಸರಿಸಿ ನೋಡಿದೆವು. ದಾರಿ ಪಕ್ಕ ಒಂದು ಬಾವಿ ಇತ್ತು. ಖಾದರಣ್ಣ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿ, ಹೊಟ್ಟೆಯ ಮೇಲೆ ಮಲಗಿ ಬಗ್ಗಿ ನೋಡಿದ. ನಾನು ಅವನ ಕಾಲು ಹಿಡಿದುಕೊಂಡಿದ್ದೆ. ಗಾಳಿ ಬಂದಾಗೆಲ್ಲ ಹಾರ್ನ್ ಕೇಳುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಅಂತ ಅವರಿಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತೋ ಇಲ್ಲವೋ — ನೀರಿನ ಕಡೆ ನೋಡಬಾರದು ಅಂತ ಮಾತ್ರ ಗೊತ್ತಿತ್ತು. ನೋಡಿದರೆ ಖಾದರಣ್ಣನೂ ನೋಡುತ್ತಾನೆ ಅಂತ.

ಕತ್ತಲಾಗುವ ಹೊತ್ತಿಗೆ ಅದು ನಿಂತಿತು. ನಿಂತಾಗ ನನಗೆ ನೆಮ್ಮದಿಯಾಯಿತು. ಇದನ್ನೂ ಹೇಳಬೇಕು. ನೆಮ್ಮದಿಯಾಯಿತು.

ಬೆಳಗಾಗುತ್ತಲೇ ದನ ಹೊಡೆದುಕೊಂಡು ಬಂದ ಒಬ್ಬ ಮುದುಕ ಹೇಳಿದ. "ಕೋಡಿ ತಾವ ಯಾರೋ ಗಾಡಿ ಸಮೇತ ಬಿದ್ದವ್ರೆ. ನಿಮ್ಮೋರಾ ನೋಡ್ರಪ್ಪ."

ಕೋಡಿಯ ಕಲ್ಲಿನ ಮೇಲೆ ನೀರು ಹರಿಯುತ್ತಿತ್ತು. ನಮ್ಮ ಕಡೆಯ ಕೆರೆಗಳು ಒಂದಕ್ಕೊಂದು ಸರ ಪೋಣಿಸಿದ ಹಾಗಿರುತ್ತವೆ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಬರುತ್ತದೆ. ಮಳೆ ನಿಂತು, ಬಿಸಿಲು ಬಂದು, ನಾವು ಬಂಡೆಯ ಮೇಲೆ ಹಳದಿ ಬೆಳಕಿನಲ್ಲಿ ನಿಂತಿದ್ದಾಗ ಈ ಕೆರೆ ಸದ್ದಿಲ್ಲದೆ ಏರುತ್ತಿತ್ತು. ಪಾಚಿಯ ಮೇಲೆ ಬೈಕು ಜಾರಿ ಕೆರೆಯ ಒಳಮಗ್ಗುಲಿಗೆ ಬಿದ್ದಿತ್ತು. ಅವನ ಕಾಲು ಅದರ ಕೆಳಗೆ, ಕೆಸರಿನಲ್ಲಿ ಹೂತಿತ್ತು. ಚೈನು ಕಳಚಿತ್ತು. ಹ್ಯಾಂಡಲಿನ ಒಂದು ತುದಿ ನೀರಿನ ಮೇಲೆ ಕಾಣುತ್ತಿತ್ತು. ಆ ತುದಿಯಲ್ಲಿ ಹಾರ್ನು. ರಬ್ಬರು ಅವನ ಮುಷ್ಟಿಯಲ್ಲಿತ್ತು. ಬಿಡಿಸಲು ಖಾದರಣ್ಣನಿಗೆ ಬಹಳ ಹೊತ್ತು ಬೇಕಾಯಿತು.

ಆಮೇಲೆ ಖಾದರಣ್ಣ ಕಟ್ಟೆಯ ಉದ್ದಕ್ಕೂ ನೋಡಿದ. ಅವನ ಮುಖ ಬದಲಾಯಿತು.

"ಇಲ್ಲೇ ಬಿದ್ದಿದ್ರೆ... ಕಟ್ಟೆ ತುದೀಲಿ ಹೆಂಗ್ ಹೊಡ್ದ? ನಾಲ್ಕು ಕೇಳ್ತಲ್ಲೋ. ನಾನೇ ಕೇಳಿದ್ನಲ್ಲ."

ನನ್ನ ಹಾರ್ನಿನ ಆಟ ಅವನಿಗೆ ನೆನಪಾಗಲಿಲ್ಲವೋ, ಅವ್ನೇ ಅಂದ ನನ್ನ ಮಾತು ನಂಬಿದ್ದನೋ, ನನ್ನ ಕಡೆ ತಿರುಗಲಿಲ್ಲ. ಗೋವಿಂದ ನೀರಿನಿಂದ ಹಿಂದೆ ಸರಿದ. ದನದ ಮುದುಕ ಟವೆಲ್ ತೆಗೆದು ಕಂಕುಳಿಗೆ ಇಟ್ಟುಕೊಂಡು ಕೈ ಮುಗಿದ.

"ಸತ್ತ್ ಮ್ಯಾಲೆ ನಿಮ್ ಇಂದೇನೇ ಬಂದವ್ನೆ ಕಣಪ್ಪಾ. ಜೊತೆ ಬಿಡಕ್ಕೆ ಮನ್ಸಾಗಿಲ್ಲ."

ಕಥೆ ಅಲ್ಲೇ ಹುಟ್ಟಿತು. ಹುಟ್ಟುವುದನ್ನು ನಾನು ನಿಂತು ನೋಡಿದೆ. ಬಾಯಿ ಬಿಟ್ಟಿದ್ದರೆ ಅಲ್ಲೇ ಸಾಯುತ್ತಿತ್ತು.

ಖಾದರಣ್ಣ ಅವತ್ತಿನಿಂದ ಬೈಕ್ ಹತ್ತಿಲ್ಲ. ಬೇರೆಯವರದು ರಿಪೇರಿ ಮಾಡುತ್ತಾನೆ, ಓಡಿಸಿ ನೋಡಲು ನನ್ನನ್ನು ಕಳಿಸುತ್ತಾನೆ. ಗೋವಿಂದ ತೋಳಿಗೆ ತಾಯಿತ ಕಟ್ಟಿಸಿಕೊಂಡು ಬಸ್ ಕಂಡಕ್ಟರ್ ಆದ. ಹಿಂದೆ ಹಾರ್ನ್ ಕೇಳಿದರೆ ಇವತ್ತಿಗೂ ಬೆಚ್ಚುತ್ತಾನೆ.

ಪಿಳ್ಳಮ್ಮ ಅಳುತ್ತಾ ಕೂರಲಿಲ್ಲ. ಕೆರೆಯ ಕಥೆ ಆಯಮ್ಮನ ಕಿವಿಗೆ ಬಿದ್ದ ಮೇಲೆ ಒಂದು ಥರ ಗಟ್ಟಿಯಾದಳು. "ಸತ್ರೂ ಮಾತ್ ತಪ್ಪಲಿಲ್ಲ ನನ್ ಮಗ. ಜೊತೆಯೋರ್ಗೆ ಜವಾಬ್ ಕೊಟ್ಟೇ ಓದ," ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತನ್ನು ಹಿಡಿದುಕೊಂಡೇ ಒಬ್ಬಳೇ ತೋಟ ನೋಡಿಕೊಂಡಳು.

ಮೊದಲ ವರ್ಷ ತುಂಬಿದಾಗ ನನ್ನನ್ನು ಕರೆಸಿದಳು. ಕೋಡಿಯ ಹತ್ತಿರ ಎಡೆ ಇಡಬೇಕು, ಕರೆದುಕೊಂಡು ಹೋಗು ಅಂದಳು. ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಮಡಿಲಲ್ಲಿ ಮಗನ ಹಾರ್ನ್ ಇತ್ತು, ಹೊಸ ಬಟ್ಟೆಯಲ್ಲಿ ಸುತ್ತಿ. ಆಯಮ್ಮನನ್ನು ಕೋಡಿಯಲ್ಲಿ ಇಳಿಸಿದೆ. ಕೋಡಿಯಲ್ಲಿ ಪಾಚಿ, ಕಟ್ಟೆ ಇಕ್ಕಟ್ಟು, ಬೈಕು ತಿರುಗಿಸಲು ಆಗುವುದಿಲ್ಲ. ತಿರುವಿನವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತೇನೆ ಅಂತ ಮುಂದೆ ಹೋದೆ.

ತಿರುವಿನಲ್ಲಿ ಇಂಜಿನ್ ನಿಂತುಹೋಯಿತು. ಕಿಕ್ ಹೊಡೆಯಲು ಕಾಲು ಎತ್ತಿದೆ.

ಬಲಗಡೆಯಿಂದ, ನೀರಿನ ಮೇಲಿನಿಂದ, ಮುನಿಯ ಹಾರ್ನ್ ಕೇಳಿತು.

ಅದೇ. ಅಷ್ಟೇ ಹತ್ತಿರ. ಶುರುವಾಗಿ, ಮುರಿದು, ಗಾಳಿಯಾಗಿ. ಕಾಲು ಕಿಕ್ಕರಿನ ಮೇಲೇ ನಿಂತಿತು. ತಿರುಗಿ ನೋಡಿದೆ. ನೀರಿನ ಆಚೆ, ಕೋಡಿಯ ಕಲ್ಲಿನ ಮೇಲೆ, ಪಿಳ್ಳಮ್ಮ ಸಣ್ಣಗೆ ಕಾಣುತ್ತಿದ್ದಳು. ಪೂಜೆ ಮುಗಿಸಿ ಮಗನ ಹಾರ್ನು ಹಿಂಡುತ್ತಿದ್ದಳು.

ದೆವ್ವ ಆಗಿದ್ದರೆ ಚೆನ್ನಾಗಿತ್ತು. ಅಲ್ಲಿ ನಿಂತು ಇದನ್ನೇ ಅಂದುಕೊಂಡೆ. ಅವತ್ತು ತಿರುವಿನಲ್ಲಿ ನಾವು ಕೇಳಿದ್ದು ಬದುಕಿದ್ದ ಮುನಿಯನ್ನು. ಬಂಡೆಯ ಹತ್ತಿರ ಕೇಳಿದ್ದೂ ಬದುಕಿದ್ದ ಮುನಿಯನ್ನೇ. ನೀರು ಸೊಂಟಕ್ಕೆ ಬಂದಾಗ, ಎದೆಗೆ ಬಂದಾಗ, ಅವನು ನಮ್ಮನ್ನು ಕರೆಯುತ್ತಿದ್ದ. ಹಾರ್ನ್ ಕೇಳದಿದ್ದರೆ ಎಲ್ಲರೂ ವಾಪಸ್ ಬರುತ್ತಾರೆ ಅಂತ ಕಾನೂನು. ಅವನಿಗೆ ಅದು ಗೊತ್ತಿತ್ತು. ಕಟ್ಟೆಯ ತುದಿಯಿಂದ ನಾವು ತಿರುಗಿ ಬಂದೇ ಬರುತ್ತೇವೆ ಅಂತ ಕಾದಿರಬೇಕು. ಅವನಿಗೂ ನಾಲ್ಕು ಹಾರ್ನು ಕೇಳಿಸಿತೋ ಏನೋ. ನಾನು ಇಲ್ಲಿ ಬಿದ್ದಿದ್ದೇನೆ, ಅಲ್ಲಿ ಹೊಡೆದವನು ಯಾರು ಅಂತ —

ಇದರಾಚೆ ನನಗೆ ಯೋಚನೆ ಹೋಗುವುದಿಲ್ಲ. ಎಂಟು ವರ್ಷದಿಂದ ಇಲ್ಲೇ ನಿಲ್ಲುತ್ತದೆ.

ವಾಪಸ್ ಬಂದೆ. ಪಿಳ್ಳಮ್ಮ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ನೀನ್ ಅವ್ನಂಗೇ ಒಡೀತೀಯಂತೆ? ಗೋವಿಂದ ಏಳ್ದ. ಕಟ್ಟೆ ತುದೀಲಿ ಒಂದ್ ಕಿತ ಒಡಿಯಪ್ಪ. ಅವತ್ತು ನಿಮ್ಗೆಲ್ಲಾ ಕೇಳ್ತು. ಎತ್ತ್ ತಾಯ್ಗೆ ಮಾತ್ರ ಕೇಳ್ಲಿಲ್ಲ. ಎಂಗಿತ್ತು ಅಂತ ನಂಗೂ ಗೊತ್ತಾಗ್ಲಿ."

ಹೊಡೆದೆ. ಹಾರ್ನು ಬಿಚ್ಚಿಕೊಂಡು, ಆಯಮ್ಮನ ಜೊತೆ ಕಟ್ಟೆಯ ತುದಿಗೆ ನಡೆದು ಹೋಗಿ ಹೊಡೆದೆ. ಅದೇ ಜಾಗ, ಅದೇ ಅಂಗೈ. ಅರ್ಧ ಹಿಂಡಿ, ತಡೆದು, ಬಿಟ್ಟೆ. ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೂ ತಲೆ ಅಲ್ಲಾಡಿಸುತ್ತಾ ನಿಂತಿದ್ದಳು. "ಇಂಗೇನಾ? ಇಂಗೇ ಕೇಳ್ತಾ?" ಅಂದಳು.

"ಹಿಂಗೇ ಅಮ್ಮ," ಅಂದೆ. ಸುಳ್ಳಲ್ಲ. ಹೀಗೇ ಕೇಳಿತ್ತು.

ಅಲ್ಲಿಂದ ಪ್ರತಿ ವರ್ಷ ಹೋಗುತ್ತಿದ್ದೇವೆ. ಪ್ರತಿ ವರ್ಷ ಹೊಡೆಯುತ್ತಿದ್ದೇನೆ. ಆಯಮ್ಮನಿಗೆ ಈಗ ಕಣ್ಣು ಮಂಜು. ಹೋದ ವರ್ಷ ಹಾರ್ನ್ ಕೇಳಿದ ಮೇಲೆ ಕೈ ಚಾಚಿ ನನ್ನ ಮುಖ ತಡವಿದಳು. ತಡವಿ, "ಮುನೀ" ಅಂದಳು. ನಾನು ಸುಮ್ಮನಿದ್ದೆ. ಅಲ್ಲೂ ನಾನು ಅವನ ಬದಲು ನಿಂತುಬಿಟ್ಟೆ.

ಇನ್ನೇನು ಹಬ್ಬ ಬಂತು. ಶೆಡ್ಡಿಗೆ ಬೂದುಗುಂಬಳ ತಂದಿಟ್ಟಿದ್ದಾರೆ. ಪಿಳ್ಳಮ್ಮ ಆಗಲೇ ಹೇಳಿಕಳಿಸಿದ್ದಾಳೆ.

ಈ ಸಲ ಕಟ್ಟೆಯ ತುದಿಯಲ್ಲಿ ನಿಲ್ಲಿಸುವುದಿಲ್ಲ. ಆಯಮ್ಮನನ್ನು ತಿರುವಿಗೆ ಕರೆದುಕೊಂಡು ಹೋಗುತ್ತೇನೆ. ಇಂಜಿನ್ ಆಫ್ ಮಾಡುತ್ತೇನೆ. ಕಟ್ಟೆಯ ತುದಿಯದು ನಾನು ಹೊಡೆದದ್ದು, ನಿನ್ನ ಮಗ ಹೊಡೆದದ್ದು ಇಲ್ಲಿಗೆ ಕೇಳಿತ್ತು, ನಾನು ಕೇಳಿಸಿಕೊಂಡಿದ್ದೆ ಅಂತ ಹೇಳುತ್ತೇನೆ. ಖಾದರಣ್ಣ ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳುತ್ತೇನೆ. ಎಂಟು ವರ್ಷ ಆಯಮ್ಮ ಹಿಡಿದುಕೊಂಡು ಬದುಕಿದ ಮಾತು ನನ್ನ ಬಾಯಿಂದಲೇ ಹೋಗುತ್ತದೆ. ಗೊತ್ತು. ಅದರ ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಆಮೇಲೆ ಬೈಯಲಿ, ಹೊಡೆಯಲಿ, ಮಾತಾಡದೆ ನೀರಿನ ಕಡೆ ನೋಡುತ್ತಾ ಕೂರಲಿ. ಮಳೆ ಬಂದರೂ ಬರಲಿ. ಆಯಮ್ಮ ಏಳುವವರೆಗೂ ನಾನು ಬೈಕ್ ಸ್ಟಾರ್ಟ್ ಮಾಡುವುದಿಲ್ಲ.